ಸಣ್ಣಕೆ

ಬೊಂಬಾಯಿ ಬೋಟಿನಿಂದ ಬೈತ್‌ಕೋಲದ ಧಕ್ಕೆಗೆ ಇಳಿದ ದಿನ
ಅವಳಿಗೆ ಬರುತ್ತಿದ್ದ ಕನ್ನಡ ಮೂರೇ ಮಾತು:
ನೀರು, ಬಾಯಿ ತೆರೆ, ದೇವರು.
ನಾನು ಕಂಪೌಂಡರ್ ಕಾಯ್ತಾನನ ಮಗಳು ನತಾಲಿನ್.
ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಕನ್ನಡ,
ಕಾನ್ವೆಂಟಿನಲ್ಲಿ ಪೆಟ್ಟು ತಿಂದು ಕಲಿತ ಇಂಗ್ಲಿಷು.
ಹದಿನೇಳು ರೂಪಾಯಿ ಸಂಬಳಕ್ಕೆ
ನಾರ್ವೆಯ ಸರ್ಜನ್ ಸಿಗ್ರಿಡ್ ಹೋಲ್ಮಳ ನಾಲಗೆಯಾದೆ.

ಕೋಡಿಬಾಗದ ಆಸ್ಪತ್ರೆ ಮೊದಲು ಉಪ್ಪಿನ ಗೋದಾಮು.
ಗೋಡೆ ಇನ್ನೂ ಬೆವರುತ್ತಿತ್ತು.
ರಾತ್ರಿ ತೆಂಗಿನೆಣ್ಣೆ ಸವರಿಟ್ಟ ಕತ್ತರಿ
ಬೆಳಗಾಗುವಷ್ಟರಲ್ಲಿ ತುಕ್ಕು.
ಸಿಟ್ಟು ಬಂದರೆ ಎಸೆಯುತ್ತಿದ್ದಳು;
ಒಮ್ಮೆ ನನ್ನ ಕಿವಿ ಸವರಿ ಹೋಯಿತು.
ಕ್ಷಮೆ ಕೇಳಲಿಲ್ಲ. ಸಂಜೆ ನನ್ನ ಪಾಲಿನ ಪಾತ್ರೆ
ತಾನೇ ತಿಕ್ಕಿ ಬೋರಲು ಹಾಕಿದ್ದಳು.

ಮೊದಲ ವರ್ಷ ಹಂಚಿದ ಸುವಾರ್ತೆಯ ಹಾಳೆ
ಭಾನುವಾರದ ಸಂತೆಯಿಂದ ಒಣಶೆಟ್ಲಿ ಸುತ್ತಿಕೊಂಡು
ನಮ್ಮ ಅಡುಗೆಮನೆಗೇ ಮರಳಿತು.
ಬಿಡಿಸಿ ಓದಿದಳು, ಮೂಸಿದಳು, ನಕ್ಕಳು.
ಮತ್ತೆ ಅಚ್ಚು ಹಾಕಿಸಲಿಲ್ಲ.
ಅಷ್ಟರಲ್ಲಿ ಹಾಲಕ್ಕಿ ಹೆಂಗಸರು ಅವಳನ್ನು
ಸಿಗರಮ್ಮ ಮಾಡಿಕೊಂಡಿದ್ದರು.

ಅವಳಿಗೆ ಬೇಕಾಗಿದ್ದದ್ದು ನೋವಿನ ಹೆಸರು.
‘ಏನಂದಳು?’
‘ಪೇನ್.’
‘ಎಂಥ ಪೇನ್?’
ಅಲ್ಲಿಗೆ ನನ್ನ ಇಂಗ್ಲಿಷಿನ ತಳ ಕಂಡಿತು.
ಚಳುಕು, ಸೆಳೆತ, ನುಲಿತ, ಜೋಮು,
ಹಿಂಡಿದ ಹಾಗೆ, ಇರುವೆ ಹರಿದ ಹಾಗೆ,
ಯಾರೋ ಒಳಗೆ ಕೂತು ಬಲೆ ಎಳೆದ ಹಾಗೆ.
ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದುಕೊಂಡಳು
ಒಂದೊಂದರ ಎದುರು ಒಂದು ಅಂಗದ ಚಿತ್ರ.
‘ಹೊಟ್ಟೆ ಉರೀತದೆ’ ಎಂದ ಸಾವಂತ್ರಿ ಖಾರ್ವಿಗೆ
ಸೋಡಾಪುಡಿ ಕೊಟ್ಟು ಕಳಿಸಿದ ಮೇಲೆ ತಿಳಿಯಿತು:
ಮಗ ಹೋದ ದೋಣಿ ಮರಳಿರಲಿಲ್ಲ.
ಆ ಸಾಲಿನ ಎದುರು ಏನೂ ಬರೆಯದೆ ಬಿಟ್ಟಳು.

ಆಮೇಲೆ ಬೊಮ್ಮಯ್ಯ ಅಂಬಿಗ.
ಸದಾಶಿವಗಡದ ಕಡೆಯಿಂದ ತಾನೇ ಹುಟ್ಟು ಹಾಕಿಕೊಂಡು
ಕಾಳಿ ದಾಟಿ ಬಂದಿದ್ದ, ಮುಸ್ಸಂಜೆ.
‘ಎಂತದೂ ಇಲ್ಲ ಅಮ್ಮ, ಸಣ್ಣಕೆ ನೋವು.’
‘ಎ ಲಿಟ್ಲ್’ ಅಂದೆ ನಾನು.
ಬೆಳಗಿನಿಂದ ಐದು ಹೊಟ್ಟೆ ಹೊಲಿದಿದ್ದಳು.
‘ನಾಳೆ ಬರಲಿ.’
ಮರುದಿನ ಇಳಿತಕ್ಕೆ ಅವನ ದೋಣಿ
ದೇವಬಾಗದ ಮರಳಿಗೆ ಹತ್ತಿ ನಿಂತಿತ್ತು,
ಅವನು ಹುಟ್ಟಿನ ಮೇಲೆ ಬಾಗಿ, ಯಾರಿಗೋ ಕೈಮುಗಿದ ಹಾಗೆ.

ಅವಳು ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಿತ್ತು.
ಸೊಟ್ಟ ಕನ್ನಡದಲ್ಲಿ ಪುಸ್ತಕಕ್ಕೆ ಸೇರಿಸಿದಳು:
‘ಸಣ್ಣಕೆ. ಸಣ್ಣದು ಅಲ್ಲ. ಕೂಡಲೇ ತೆರೆ.’

ಅಲ್ಲಿಂದ ಇಪ್ಪತ್ತೆರಡು ವರ್ಷ
ಕೂಗಿ ಅತ್ತವರು ಜಗಲಿಯಲ್ಲಿ ಕಾದರು,
ಸಣ್ಣಕೆ ಎಂದವರು ನೇರ ಒಳಗೆ.
ಎಷ್ಟು ಮಂದಿ ಬದುಕಿದರೋ, ರಿಜಿಸ್ಟರು ಗೆದ್ದಲು ತಿಂದಿದೆ.
ಕಾಳಿಗೆ ಸೇತುವೆಯ ಕಂಬ ನೆಡುವ ವರ್ಷ
ಕೈ ನಡುಗತೊಡಗಿತು. ಪುಸ್ತಕ ನನ್ನ ಮಡಿಲಿಗಿಟ್ಟು
ಬಸ್ಸು ಹತ್ತಿದಳು. ತಿರುಗಿ ನೋಡುವ ಜಾತಿಯವಳಲ್ಲ.

ಈ ವರ್ಷ ಜನವರಿಯಲ್ಲಿ ಅವಳ ಸೋದರಸೊಸೆಯ ಕಾಗದ:
‘ಅತ್ತೆ ವೃದ್ಧಾಶ್ರಮದಲ್ಲಿದ್ದಾರೆ. ಮನೆಮಾತು ಮರೆತಿದೆ.
ದಿನವಿಡೀ, ನಗುತ್ತಲೇ, ಒಂದೇ ಹೆಸರು ಕರೆಯುತ್ತಾರೆ:
ಸಣ್ಣಕೆ, ಸಣ್ಣಕೆ.
ನಿಮ್ಮೂರಿನ ಗೆಳತಿಯೇ? ವಿಳಾಸ ತಿಳಿಸಿದರೆ ಉಪಕಾರ.’
ಠಸ್ಸೆ ನೋಡಿದೆ. ಹತ್ತೊಂಬತ್ತು ದಿನ ಹಳೆಯದು.
ಬೊಮ್ಮಯ್ಯನಿಗೆ ಒಂದು ರಾತ್ರಿ ಸಾಕಾಗಿತ್ತು.

ಚಪ್ಪಲಿಯಿಲ್ಲದೆ ತಂತಿ ಆಫೀಸಿಗೆ ಓಡಿದೆ.
‘ಅದು ಹೆಸರಲ್ಲ. ಕೂಡಲೇ ತೆರೆಯಿರಿ.’
ಗುಮಾಸ್ತ ಪೆನ್ಸಿಲ್ಲಿನ ತುದಿಯಿಂದ ಪದ ಎಣಿಸಿ
ಕನ್ನಡಕದ ಮೇಲಿನಿಂದ ನೋಡಿದ:
‘ಏನನ್ನ ತೆರೀಬೇಕಂತೆ ಬಾಯಿ, ಬಾಗಿಲನ್ನೋ?’